ಆರೋಗ್ಯದ ಪ್ರಶ್ನೆಯೂ ಗ್ರಂಥಪಾಲಕರ ಹೊಣೆಯೂ

ಸಂಜೆಯ ಹೊತ್ತು ಕಾಸರಗೋಡಿನ ಕಡೆಯ ಯಾವುದಾದರೊಂದು ಹಳ್ಳಿಯ ವಾಚನಾಲಯದ ಜಗಲಿಯಲ್ಲಿ ಅರ್ಧ ಗಂಟೆ ಕುಳಿತವರಿಗೆ ಈ ದೃಶ್ಯ ಅಪರಿಚಿತವಲ್ಲ. ಪತ್ರಿಕೆ ಓದಲು ಬಂದವರ ನಡುವೆ ತಾಯಿಯೊಬ್ಬಳು ಮಡಚಿದ ಆಸ್ಪತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಹಿಂಜರಿಯುತ್ತ ನಿಂತಿರುತ್ತಾಳೆ. ಚೀಟಿಯ ಒಂದು ಬದಿ ಇಂಗ್ಲಿಷಿನಲ್ಲಿದೆ. ಹಿಂಬದಿಯಲ್ಲಿ ಅಚ್ಚಾದ ಸೂಚನೆ ಮಲಯಾಳದಲ್ಲಿದೆ. ಆಕೆಗೆ ಓದಲು ಬರುವುದು ಕನ್ನಡ ಮಾತ್ರ. "ಮಾಸ್ಟ್ರೇ, ಇದರಲ್ಲಿ ಎಂತ ಬರೆದಿದ್ದಾರೆ? ಈ ಮದ್ದು ಮಗುವಿಗೆ ಕೊಡಬಹುದಾ?" ಎಂದು ಆಕೆ ಕೇಳುತ್ತಾಳೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಆ ಚೀಟಿ ಮರಾಠಿಯಲ್ಲಿದ್ದೀತು. ತಾಳವಾಡಿಯಲ್ಲಿ ತಮಿಳಿನಲ್ಲಿ, ಆದವಾನಿಯಲ್ಲಿ ತೆಲುಗಿನಲ್ಲಿ ಇದ್ದೀತು. ಲಿಪಿ ಬದಲಾದೀತು, ಪ್ರಶ್ನೆ ಬದಲಾಗದು.

ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಬರೆದುದನ್ನು ಓದಿ ಹೇಳುವುದು ಮೊದಲನೆಯದು. ಅದಕ್ಕೆ ಅಕ್ಷರಜ್ಞಾನವಿದ್ದರೆ ಸಾಕು. ಆ ಮದ್ದಿನಿಂದ ಗುಣವಾದೀತೆ, ಅಪಾಯವಿದೆಯೆ ಎಂಬುದು ಎರಡನೆಯದು. ಇದಕ್ಕೆ ಆಧಾರ ಬೇಕು; ಆಧಾರವನ್ನು ಹುಡುಕುವ ಕ್ರಮವೂ ತಿಳಿದಿರಬೇಕು. ಕೈಯಲ್ಲಿ ಮೊಬೈಲ್ ಇರುವ ಇಂದಿನ ಕಾಲದಲ್ಲಿ ಉತ್ತರಗಳಿಗೆ ಬರವಿಲ್ಲ. ನಂಬಬಹುದಾದ ಉತ್ತರಕ್ಕೆ ಮಾತ್ರ ಬರವಿದೆ. ಗ್ರಂಥಪಾಲಕರು, ವಾಚನಾಲಯ ನಡೆಸುವ ನಮ್ಮ ತರುಣರು, ಮನೆಯಲ್ಲಿ ಹಿರಿಯರ ಪರವಾಗಿ ಓದಿ ಹೇಳುವ ಮಕ್ಕಳು ಈ ಶೋಧವನ್ನು ಹೇಗೆ ನಡೆಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ತಪ್ಪಿದ ಹುಡುಕಾಟದ ಬೆಲೆ

ಪುಸ್ತಕ ಹುಡುಕುವುದರಲ್ಲಿ ಒಂದು ಜೀವದ ಪ್ರಶ್ನೆ ಎಲ್ಲಿಂದ ಬಂತು ಎಂದು ಕೆಲವರಿಗೆ ಅನಿಸಬಹುದು. 2001ನೆಯ ಇಸವಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದ ಘಟನೆ ಈ ಸಂಶಯವನ್ನು ನಿವಾರಿಸುತ್ತದೆ. ಅಲ್ಲಿ ಉಬ್ಬಸದ ಸ್ವರೂಪವನ್ನು ತಿಳಿಯುವ ಸಲುವಾಗಿ ಆರೋಗ್ಯವಂತರ ಮೇಲೆ ಒಂದು ಪ್ರಯೋಗ ನಡೆಯಿತು. ಹೆಕ್ಸಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಒಳಗೆಳೆದುಕೊಳ್ಳುವಂತೆ ಮಾಡಲಾಯಿತು. ಸ್ವಯಂಪ್ರೇರಣೆಯಿಂದ ಮುಂದೆ ಬಂದಿದ್ದ 24 ವರ್ಷದ ಯುವತಿಯೊಬ್ಬಳು ಶ್ವಾಸಕೋಶ ಕೆಟ್ಟು ಜೂನ್ 2ರಂದು ತೀರಿಕೊಂಡಳು.

ಅನಂತರದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಗ್ರಂಥಾಲಯಗಳ ಲೋಕವನ್ನೇ ಬೆಚ್ಚಿಬೀಳಿಸಿತು. ಸಂಶೋಧಕರು ಪಬ್‌ಮೆಡ್ ಎಂಬ ಗಣಕೀಕೃತ ಸೂಚಿಯನ್ನೂ ಕೆಲವು ಪಠ್ಯಗ್ರಂಥಗಳನ್ನೂ ನೋಡಿದ್ದರು. ಆದರೆ ಆ ಸೂಚಿಯಲ್ಲಿ ಆಗ 1966ರಿಂದ ಈಚಿನ ಲೇಖನಗಳು ಮಾತ್ರ ದೊರೆಯುತ್ತಿದ್ದವು. ಹೆಕ್ಸಮೆಥೋನಿಯಂ ರಕ್ತದೊತ್ತಡದ ಔಷಧವಾಗಿ ಬಳಕೆಯಲ್ಲಿದ್ದುದು 1950ರ ದಶಕದಲ್ಲಿ. ಅದರಿಂದ ಶ್ವಾಸಕೋಶಕ್ಕೆ ಹಾನಿಯುಂಟೆಂಬ ವರದಿಗಳು ಪ್ರಕಟವಾದುದೂ ಆಗಲೇ. ಹಳೆಯ ಮುದ್ರಿತ ಸೂಚಿಗಳ ಸಂಪುಟಗಳನ್ನು ತೆರೆದಿದ್ದರೆ ಆ ಎಚ್ಚರಿಕೆ ಕಣ್ಣಿಗೆ ಬೀಳುವ ಅವಕಾಶವಿತ್ತು. ಸರಕಾರದ ಹಣದಿಂದ ಅಲ್ಲಿ ನಡೆಯುತ್ತಿದ್ದ ಮಾನವ ಪ್ರಯೋಗಗಳನ್ನು ಅದೇ ಜುಲೈ ತಿಂಗಳಲ್ಲಿ ಸ್ವಲ್ಪ ಕಾಲ ತಡೆಹಿಡಿಯಲಾಯಿತು. ಯಂತ್ರದಲ್ಲಿ ಕಾಣಿಸದ ಮಾತ್ರಕ್ಕೆ ಲೋಕದಲ್ಲಿಯೇ ಇಲ್ಲವೆಂದು ತಿಳಿಯಬಾರದು. ಶೋಧಕರು ಕಲಿಯಬೇಕಾದ ಮೊದಲ ಪಾಠ ಇದು.

ಸೂಚಿಗಳ ಹಿನ್ನೆಲೆ

ವೈದ್ಯಕೀಯ ಲೇಖನಗಳಿಗೆ ಕ್ರಮಬದ್ಧವಾದ ಸೂಚಿಯನ್ನು ಆರಂಭಿಸಿದ ಕೀರ್ತಿ ಅಮೆರಿಕದ ಸೈನ್ಯದ ವೈದ್ಯ ಜಾನ್ ಶಾ ಬಿಲಿಂಗ್ಸ್ ಅವರಿಗೆ ಸಲ್ಲುತ್ತದೆ. 1879ರಲ್ಲಿ ಅವರು 'ಇಂಡೆಕ್ಸ್ ಮೆಡಿಕಸ್' ಎಂಬ ಸೂಚಿಯನ್ನು ಹೊರತಂದರು. 1960ರಲ್ಲಿ ವೈದ್ಯಕೀಯ ವಿಷಯಗಳಿಗೆ ಗೊತ್ತಾದ ಶೀರ್ಷಿಕೆಗಳ ಪಟ್ಟಿ ಸಿದ್ಧವಾಯಿತು. 1964ರಲ್ಲಿ ಈ ಕೆಲಸ ಗಣಕಯಂತ್ರಕ್ಕೆ ಏರಿತು. 1997ರಿಂದ ಪಬ್‌ಮೆಡ್ ಎಂಬ ಹೆಸರಿನಲ್ಲಿ ಇದು ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಇಂದು ಇದರಲ್ಲಿ ಮೂರೂವರೆ ಕೋಟಿಗೂ ಮಿಕ್ಕಿದ ನಮೂದುಗಳಿವೆ.

ಇಷ್ಟು ದೊಡ್ಡ ರಾಶಿಯಲ್ಲಿ ಒಂದು ಲೇಖನ ಹೌದೆನ್ನುತ್ತದೆ, ಇನ್ನೊಂದು ಅಲ್ಲವೆನ್ನುತ್ತದೆ. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿ ಹೇಳುವವರು ಬೇಕಾಗುತ್ತಾರೆ. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ ಅವರು 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚಿಕಿತ್ಸೆಗಳ ಫಲವನ್ನು ಸರಿಯಾದ ಪ್ರಯೋಗದಿಂದ ಪರೀಕ್ಷಿಸಬೇಕೆಂದು ವಾದಿಸಿದರು. ಅವರ ಹೆಸರನ್ನು ಹೊತ್ತ ಸಂಸ್ಥೆ 1993ರಲ್ಲಿ ಸ್ಥಾಪನೆಯಾಯಿತು.

ಆ ಸಂಸ್ಥೆಯ ಲಾಂಛನದಲ್ಲಿಯೇ ಒಂದು ಕಥೆಯಿದೆ. ಅದರಲ್ಲಿ ಕಾಣುವ ಚಿಕ್ಕ ಅಡ್ಡಗೆರೆಗಳು ಏಳು ಪ್ರಯೋಗಗಳ ಫಲಿತಾಂಶಗಳು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ವರ್ಗದ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬಲಿಯುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿಯೇ ಪ್ರಕಟಿಸಿದ್ದರು. ಬೇರೆ ಬೇರೆ ಕಡೆ ಅಂಥ ಪ್ರಯೋಗಗಳು ಮತ್ತೆ ನಡೆದವು. ಆದರೆ ಎಲ್ಲವನ್ನೂ ಒಂದೆಡೆ ಸೇರಿಸಿ ನೋಡಿದ ಪರಾಮರ್ಶೆ ಹೊರಬಂದುದು 1989ರಲ್ಲಿ. ಅಮೆರಿಕದ ತಜ್ಞರ ಸಮಾವೇಶ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿದುದು 1994ರಲ್ಲಿ. ಈ ನಡುವಿನ ವರ್ಷಗಳಲ್ಲಿ ಬದುಕಬಹುದಾಗಿದ್ದ ಎಷ್ಟೋ ಶಿಶುಗಳು ಉಳಿಯಲಿಲ್ಲ. ಆಧಾರವಿತ್ತು, ಅದನ್ನು ಹುಡುಕಿ ಜೋಡಿಸಿ ಮುಂದಿಟ್ಟವರು ಇರಲಿಲ್ಲ.

ಮೊದಲು ಪ್ರಶ್ನೆಯನ್ನು ಕೇಳಿ ತಿಳಿಯಿರಿ

ಶೋಧ ಆರಂಭವಾಗುವುದು ಗಣಕಯಂತ್ರದ ಮುಂದೆ ಅಲ್ಲ, ಪ್ರಶ್ನೆ ತಂದವರ ಮುಂದೆ. ಬಂದವರು ಮೊದಲು ಆಡುವ ಮಾತು ಅನೇಕ ವೇಳೆ ಅವರ ನಿಜವಾದ ಪ್ರಶ್ನೆಯಾಗಿರುವುದಿಲ್ಲ. ಆದುದರಿಂದ ನಾಲ್ಕು ಸಂಗತಿಗಳನ್ನು ಸಾವಧಾನವಾಗಿ ಕೇಳಿ ಬರೆದುಕೊಳ್ಳಬೇಕು: ರೋಗಿ ಯಾರು, ಯಾವ ವಯಸ್ಸು, ಯಾವ ಬೇನೆ, ಕೊಡಬೇಕೆಂದಿರುವ ಚಿಕಿತ್ಸೆ ಯಾವುದು, ಅದನ್ನು ಯಾವುದರೊಡನೆ ಹೋಲಿಸಬೇಕು, ಯಾವ ಫಲವನ್ನು ಅಪೇಕ್ಷಿಸಲಾಗಿದೆ.

ಮಗುವಿನ ಭೇದಿಯನ್ನೇ ತೆಗೆದುಕೊಳ್ಳೋಣ. ಉಪ್ಪು ಸಕ್ಕರೆಯ ಜೀವಜಲದೊಡನೆ ಸತುವಿನ ಔಷಧವನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ಸಲಹೆ ನೀಡಿದವು. ತಾಯಿ ಬಂದು "ಭೇದಿಗೆ ಸತುವಿನ ಮದ್ದು ಒಳ್ಳೆಯದಾ?" ಎಂದು ಕೇಳಿದಾಗ ತಟ್ಟನೆ ಹೌದೆಂದು ಹೇಳುವುದು ಸುಲಭ. ಆದರೆ ಕಾಕ್ರನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಪರಾಮರ್ಶೆಯನ್ನು ತೆರೆದರೆ ಉತ್ತರ ಒಂದಾಗಿ ಉಳಿಯುವುದಿಲ್ಲ. ಆರು ತಿಂಗಳು ಮೀರಿದ ಮಕ್ಕಳಲ್ಲಿ ಸತುವಿನಿಂದ ಭೇದಿಯ ಅವಧಿ ಸರಾಸರಿ ಸುಮಾರು ಅರ್ಧ ದಿನ ಕಡಿಮೆಯಾಗಬಹುದು. ಪೋಷಣೆ ಸಾಲದೆ ಸೊರಗಿದ ಮಕ್ಕಳಲ್ಲಿ ಸುಮಾರು ಒಂದು ದಿನ. ಆರು ತಿಂಗಳಿಗಿಂತ ಚಿಕ್ಕ ಶಿಶುಗಳಲ್ಲಿ ಅಂಥ ಪ್ರಯೋಜನ ಕಂಡುಬರಲಿಲ್ಲ. ವಾಂತಿಯ ಸಂಭವವೂ ಹೆಚ್ಚುತ್ತದೆ.

"ಮಗುವಿಗೆ ಎಷ್ಟು ತಿಂಗಳಾಯಿತಮ್ಮಾ?" ಎಂದು ಕೇಳದ ಗ್ರಂಥಪಾಲಕರು ಎಷ್ಟು ಗ್ರಂಥಗಳನ್ನು ತೆರೆದರೂ ಅರ್ಧ ಉತ್ತರವನ್ನಷ್ಟೇ ಕೊಟ್ಟಾರು. ಹೀಗೆಂದು ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸಲು ಹೇಳುವ ಅಧಿಕಾರ ನಮಗಿಲ್ಲ. ಜೀವಜಲ ಕುಡಿಸುವುದನ್ನು ಬಿಡಬಾರದು, ಎಳೆಯ ಶಿಶುವಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು ಎಂಬ ಮಾತನ್ನು ಉತ್ತರದೊಡನೆ ಸೇರಿಸಿಯೇ ಹೇಳಬೇಕು.

ಹೆಸರು ಹಲವು, ಬೇನೆ ಒಂದು

ಗಡಿನಾಡಿನ ಗ್ರಂಥಪಾಲಕರಿಗೆ ಬೇರೆಯವರಿಗಿಲ್ಲದ ಒಂದು ತೊಡಕಿದೆ, ಹಾಗೆಯೇ ಬೇರೆಯವರಿಗಿಲ್ಲದ ಒಂದು ಬಲವೂ ಇದೆ. ಒಂದೇ ಬೇನೆ ನಮ್ಮಲ್ಲಿ ಎರಡು ಮೂರು ಹೆಸರುಗಳಲ್ಲಿ ಓಡಾಡುತ್ತದೆ. ಕನ್ನಡದ ಮಂಗನ ಕಾಯಿಲೆ ವಯನಾಡಿನಲ್ಲಿ ಕುರಂಗುಪನಿ. ವೈದ್ಯಕೀಯ ಸಾಹಿತ್ಯದಲ್ಲಿ ಅದು 1957ರಲ್ಲಿ ಮೊದಲು ಕಂಡುಬಂದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹೆಸರನ್ನು ಹೊತ್ತಿದೆ. ನಮ್ಮ ಇಲಿ ಜ್ವರ ಮಲಯಾಳದಲ್ಲಿ ಎಲಿಪ್ಪನಿ, ವೈದ್ಯರ ಬಾಯಲ್ಲಿ ಲೆಪ್ಟೋಸ್ಪೈರೋಸಿಸ್.

ಕೆಲವು ಪದಗಳಂತೂ ನೇರವಾಗಿ ಮೋಸಗೊಳಿಸುತ್ತವೆ. ಮಲಯಾಳದಲ್ಲಿ ಪ್ರಮೇಹವೆಂದರೆ ಸಕ್ಕರೆ ಕಾಯಿಲೆ. ಕನ್ನಡದ ಹಳೆಯ ಬಳಕೆಯಲ್ಲಿ ಆ ಶಬ್ದಕ್ಕೆ ಬೇರೆ ಮೂತ್ರರೋಗಗಳ ಅರ್ಥವೂ ಉಂಟು. ಆಸ್ಪತ್ರೆಯ ಫಲಕದಲ್ಲಿ ಈ ಪದವನ್ನು ಕಂಡ ನಮ್ಮ ಅಜ್ಜ ನಾಚಿಕೆಯಿಂದ ಹಿಂದಕ್ಕೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಎರಡೂ ಭಾಷೆ ಬಲ್ಲ ನಮ್ಮವರು ಮಾತ್ರ ಈ ಗಂಟನ್ನು ಬಿಡಿಸಬಲ್ಲರು.

ಔಷಧಗಳ ಹೆಸರಿನಲ್ಲಿಯೂ ಇದೇ ಕಥೆ. ನಾವು ಪ್ಯಾರಸಿಟಮಾಲ್ ಎನ್ನುವುದನ್ನು ಅಮೆರಿಕದವರು ಅಸೆಟಮಿನೋಫೆನ್ ಎನ್ನುತ್ತಾರೆ; ನಮ್ಮ ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ರಕ್ತಹೀನತೆಯ ಇಂಗ್ಲಿಷ್ ಹೆಸರನ್ನು ಬ್ರಿಟನ್ನಿನವರು ಬರೆಯುವಾಗ ಒಂದಕ್ಷರ ಹೆಚ್ಚು, ಅಮೆರಿಕದವರು ಬರೆಯುವಾಗ ಒಂದಕ್ಷರ ಕಡಿಮೆ. ಕಾಸರಗೋಡು ಎಂಬ ನಮ್ಮ ಊರಿನ ಹೆಸರನ್ನೇ ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುವವರಿದ್ದಾರೆ. ಒಂದೇ ಬಗೆಯಲ್ಲಿ ಹುಡುಕಿದವರಿಗೆ ಉಳಿದ ಬಗೆಯಲ್ಲಿ ಬರೆದವರ ಲೇಖನಗಳು ಸಿಗದೆ ಹೋಗಬಹುದು.

ಇದಕ್ಕೆ ಉಪಾಯ ಸರಳವಾಗಿದೆ. ಒಂದು ಕಾಗದದಲ್ಲಿ ನಾಲ್ಕು ಸಾಲು ಎಳೆದು, ಒಂದೊಂದು ಸಂಗತಿಗೆ ಇರುವ ಎಲ್ಲ ಹೆಸರುಗಳನ್ನೂ ಅದರದರ ಸಾಲಿನಲ್ಲಿ ಬರೆಯಬೇಕು. ಒಂದೇ ಸಾಲಿನ ಹೆಸರುಗಳ ನಡುವೆ 'ಅಥವಾ' ಎಂಬರ್ಥದ ಇಂಗ್ಲಿಷ್ ಶಬ್ದವನ್ನೂ, ಸಾಲು ಸಾಲಿನ ನಡುವೆ 'ಮತ್ತು' ಎಂಬರ್ಥದ ಶಬ್ದವನ್ನೂ ಹಾಕಿ ಯಂತ್ರಕ್ಕೆ ಕೊಡಬೇಕು. ಮೊದಲನೆಯದು ಬಲೆಯನ್ನು ಹರಡುತ್ತದೆ, ಎರಡನೆಯದು ಬಲೆಯ ಬಾಯಿಯನ್ನು ಬಿಗಿಯುತ್ತದೆ. ಸೂಚಿಯಲ್ಲಿ ಗೊತ್ತಾದ ವಿಷಯ ಶೀರ್ಷಿಕೆ ಇದ್ದರೆ ಅದನ್ನೂ ಬಳಸಬೇಕು. ಆದರೆ ಹೊಸ ಲೇಖನಗಳಿಗೆ ಶೀರ್ಷಿಕೆ ಇನ್ನೂ ಬಿದ್ದಿರದ ಕಾರಣ ಸಾಮಾನ್ಯ ಪದಗಳಿಂದಲೂ ಹುಡುಕುವುದು ಅಗತ್ಯ. ಬಂದ ಪಟ್ಟಿ ಬಹಳ ಉದ್ದವಾದರೆ ಒಂದು ಸಾಲು ಸೇರಿಸಿ, ತೀರ ಚಿಕ್ಕದಾದರೆ ಒಂದು ಸಾಲು ತೆಗೆದು ಮತ್ತೆ ನೋಡಬೇಕು.

ಎಲ್ಲಿ ಹುಡುಕಬೇಕು, ಹೇಗೆ ತೂಗಬೇಕು

ಹುಡುಕಾಟ ಮೇಲಿನಿಂದ ಕೆಳಗಿಳಿಯಬೇಕು. ಒಂದು ಪ್ರಶ್ನೆಯ ಕುರಿತಾದ ಎಲ್ಲ ಪ್ರಯೋಗಗಳನ್ನೂ ತೂಗಿ ನೋಡಿದ ಪರಾಮರ್ಶೆ ಇದೆಯೆ ಎಂದು ಮೊದಲು ನೋಡಬೇಕು. ಇಲ್ಲವಾದರೆ ಬಿಡಿ ಪ್ರಯೋಗಗಳನ್ನು, ಅವೂ ಇಲ್ಲವಾದರೆ ಜನಸಮೂಹವನ್ನು ಗಮನಿಸಿ ಬರೆದ ಅಧ್ಯಯನಗಳನ್ನು ನೋಡಬೇಕು. ಒಬ್ಬಿಬ್ಬರು ರೋಗಿಗಳ ಅನುಭವ ಕೊನೆಗೆ ಬರುವಂಥದು. ಔಷಧದ ಅಪರೂಪದ ಹಾನಿಯನ್ನು ಕುರಿತ ಪ್ರಶ್ನೆಯಾದರೆ ಮಾತ್ರ ಆ ಕೊನೆಯದಕ್ಕೂ ಬೆಲೆಯಿದೆ.

ಕಾಕ್ರನ್ ಗ್ರಂಥಾಲಯವನ್ನು ಭಾರತದಲ್ಲಿ ಯಾರು ಬೇಕಾದರೂ ಓದುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2007ರಲ್ಲಿ ರಾಷ್ಟ್ರೀಯ ಚಂದಾ ಮಾಡಿಸಿತು. ಆ ಪರಾಮರ್ಶೆಗಳ ಸರಳ ಭಾಷೆಯ ಸಾರಾಂಶಗಳಂತೂ ಎಲ್ಲರಿಗೂ ಉಚಿತ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ನೋಂದಾಯಿಸುವ ಸಾರ್ವಜನಿಕ ದಾಖಲೆಯೂ 2007ರಲ್ಲಿಯೇ ಆರಂಭವಾಯಿತು. ನಡೆದರೂ ಪ್ರಕಟವಾಗದೆ ಉಳಿದ ಪ್ರಯೋಗಗಳ ಸುಳಿವು ಅಲ್ಲಿ ಸಿಕ್ಕೀತು. ಒಂದೇ ಸೂಚಿಯನ್ನು ನಂಬಿ ಕುಳಿತರೆ ಏನಾಗುತ್ತದೆಂಬುದನ್ನು ಬಾಲ್ಟಿಮೋರಿನ ಘಟನೆ ತೋರಿಸಿದೆ.

ಸಿಕ್ಕಿದ ಲೇಖನವನ್ನು ಕಣ್ಣುಮುಚ್ಚಿ ಒಪ್ಪುವಂತೆಯೂ ಇಲ್ಲ. ಅದು ಯಾವ ವರ್ಷದ್ದು? ಎಷ್ಟು ಜನರನ್ನು ಪರೀಕ್ಷಿಸಿ ಬರೆದುದು? ಹಣ ಕೊಟ್ಟವರು ಯಾರು? ಅದನ್ನು ಪತ್ರಿಕೆಯವರು ಹಿಂತೆಗೆದುಕೊಂಡಿದ್ದಾರೆಯೆ? ದಡಾರ, ಕೆಪ್ಪಟೆ ಬಾವು ಮತ್ತು ರುಬೆಲ್ಲಾಗಳ ಲಸಿಕೆಗೂ ಮಕ್ಕಳ ಆಟಿಸಂಗೂ ನಂಟು ಕಲ್ಪಿಸಿದ ಒಂದು ಲೇಖನ 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆದರೂ ಅದರ ಹೆಸರಿನಲ್ಲಿ ಹುಟ್ಟಿದ ಹೆದರಿಕೆ ಇಂದಿಗೂ ಮನೆಮನೆಗಳಲ್ಲಿ ಸುತ್ತುತ್ತಿದೆ.

ನಮ್ಮ ಅಂಗಳದ ಉದಾಹರಣೆ

ಆಧಾರದ ಶೋಧವೆಂಬುದು ದೂರದೇಶದ ಮಾತಲ್ಲವೆಂಬುದು ಎಂಡೋಸಲ್ಫಾನ್ ಸಂಕಟದ ಕಾಲದಲ್ಲಿ ನಮಗೆ ಮನವರಿಕೆಯಾಗಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣೀನಗರದ ಕನ್ನಡ ಮನೆಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಕಂಡು ಮೊದಲು ಪ್ರಶ್ನೆ ಎತ್ತಿದವರು ಊರಿನವರೇ. ಅನಂತರ ಸಮಿತಿಗಳು ಬಂದವು. ಅವುಗಳ ವರದಿಗಳು ಒಂದಕ್ಕೊಂದು ಹೊಂದಲಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ 117 ಶಾಲಾ ಬಾಲಕರನ್ನು ಬೇರೆಡೆಯ 90 ಬಾಲಕರೊಡನೆ ಹೋಲಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ವಿಷದಿಂದ ಬಾಲಕರ ಪ್ರಾಯದ ಬೆಳವಣಿಗೆ ತಡವಾಗಬಹುದೆಂದು ಹೇಳಿದ ಅವರು, ಪರೀಕ್ಷಿಸಿದವರ ಸಂಖ್ಯೆ ಚಿಕ್ಕದೆಂಬ ಮಿತಿಯನ್ನೂ ತಾವೇ ಒಪ್ಪಿಕೊಂಡರು. ಅದರ ಮೇಲೆ ಆಕ್ಷೇಪದ ಪತ್ರಗಳೂ ಬಂದವು. ನ್ಯಾಯವಾಗಿ ಹುಡುಕುವವರು ಪ್ರಬಂಧವನ್ನೂ ಅದರ ಮಿತಿಯನ್ನೂ ಆಕ್ಷೇಪಗಳನ್ನೂ ಒಟ್ಟಿಗೇ ಮುಂದಿಡಬೇಕು. ಎಂಡೋಸಲ್ಫಾನ್ ಎಂಬ ಒಂದೇ ಹೆಸರಿನಿಂದ ತೃಪ್ತರಾಗದೆ ಥಯೋಡಾನ್ ಎಂಬ ವ್ಯಾಪಾರದ ಹೆಸರನ್ನೂ, 115-29-7 ಎಂಬ ರಾಸಾಯನಿಕ ನೋಂದಣಿ ಸಂಖ್ಯೆಯನ್ನೂ ಸೇರಿಸಿ ಹುಡುಕಬೇಕು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು; ಅದೇ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕಣ್ಣೆದುರಿನ ನೋವು ಕಾಗದದ ಆಧಾರವಾಗಿ ಮಾರ್ಪಡಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಬರೆದಿಡುವುದೂ ಬಾಯಿ ಬಿಗಿಹಿಡಿಯುವುದೂ

ಯಾವ ದಿನ, ಯಾವ ಸೂಚಿಯಲ್ಲಿ, ಯಾವ ಪದಗಳಿಂದ ಹುಡುಕಿ, ಎಷ್ಟು ಲೇಖನ ಕಂಡೆವೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಉತ್ತಮ. ನಾಳೆ ಬೇರೊಬ್ಬರು ಅದೇ ದಾರಿಯಲ್ಲಿ ನಡೆದು ತಪ್ಪಿದ್ದರೆ ತಿದ್ದಲು ಅನುಕೂಲವಾಗುತ್ತದೆ. ಉತ್ತರ ಹೇಳುವಾಗ "ನಾವು ಹುಡುಕಿದೆಡೆಯಲ್ಲಿ ಸಿಗಲಿಲ್ಲ" ಎನ್ನಬೇಕಲ್ಲದೆ "ಹಾನಿಯೇನೂ ಇಲ್ಲ" ಎನ್ನಬಾರದು. ಇವೆರಡೂ ಒಂದೇ ಮಾತಲ್ಲ.

ಗ್ರಂಥಪಾಲಕರು ವೈದ್ಯರಲ್ಲ. ಆಧಾರವನ್ನು ಹುಡುಕಿ, ಓದಿ, ಅರ್ಥವಾಗುವ ಕನ್ನಡದಲ್ಲಿ ತಿಳಿಸಿ, ವೈದ್ಯರ ಬಳಿ ಕೇಳಬೇಕಾದ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವಲ್ಲಿಗೆ ಅವರ ಕೆಲಸ ಮುಗಿಯುತ್ತದೆ. ಅದರಾಚೆ ಕಾಲಿಟ್ಟರೆ ಉಪಕಾರ ಅಪಕಾರವಾದೀತು. ಇನ್ನೊಂದು ಮಾತು: ಊರಿನಲ್ಲಿ ಸುದ್ದಿ ಬೇಲಿ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಯಾರ ಮನೆಯಲ್ಲಿ ಯಾವ ಬೇನೆಯೆಂಬುದು ವಾಚನಾಲಯದ ಹೊಸ್ತಿಲು ದಾಟಬಾರದು. ಮದುವೆಗೆ ಬಂದ ಹುಡುಗಿಯ ಮನೆಯವರು ಕೇಳಿದ ಪ್ರಶ್ನೆ ನಾಲ್ಕು ಜನರ ಬಾಯಿಗೆ ಬಿದ್ದರೆ, ಆ ಮನೆಯವರು ಮುಂದೆ ಯಾರನ್ನೂ ಏನನ್ನೂ ಕೇಳರು. ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಇರಲಿ, ಹೆಸರು ಬೇಡ.

ನಾವು ಮಾಡಬಹುದಾದುದು

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಕುರಿತದ್ದು. ಆರೋಗ್ಯದ ಪ್ರಶ್ನೆ ತಂದವರಿಗೆ ಸಮಯವೆಂದರೆ ಕೆಲವೊಮ್ಮೆ ಜೀವವೇ. ಮಂಜೇಶ್ವರದ ಗೋವಿಂದ ಪೈಗಳು ಇತಿಹಾಸದ ಒಂದು ಕಾಲನಿರ್ಣಯಕ್ಕಾಗಿ ಹಲವು ಭಾಷೆಗಳ ಆಕರಗಳನ್ನು ಶೋಧಿಸಿದವರು. ಅವರ ನೆಲದಲ್ಲಿ ಹುಟ್ಟಿದ ನಮಗೆ ಹಲವು ಭಾಷೆಗಳ ನಡುವಿನ ಬಾಳು ಹೊರೆಯಾಗಬೇಕಾಗಿಲ್ಲ.

ಪ್ರತಿಯೊಂದು ಕನ್ನಡ ವಾಚನಾಲಯದಲ್ಲಿಯೂ ಎರಡು ಭಾಷೆ ಬಲ್ಲ ಒಬ್ಬ ತರುಣನೋ ತರುಣಿಯೋ ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ಕುಳಿತರೆ, ಬೇನೆಗಳ ಹೆಸರನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಒಂದು ಪಟ್ಟಿ ಗೋಡೆಯ ಮೇಲೆ ತೂಗಿದರೆ, ಸಮೀಪದ ಆರೋಗ್ಯ ಕೇಂದ್ರದ ವೈದ್ಯರನ್ನು ವರ್ಷಕ್ಕೆರಡು ಸಲ ಕರೆಸಿ ಆ ಪಟ್ಟಿಯನ್ನು ತಿದ್ದಿಸಿಕೊಂಡರೆ, ಹೆಚ್ಚು ಖರ್ಚಿಲ್ಲದೆ ದೊಡ್ಡ ಕೆಲಸವಾದೀತು. ಚೀಟಿ ಹಿಡಿದು ಜಗಲಿಯಲ್ಲಿ ನಿಂತ ಆ ತಾಯಿ ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿ, ತನ್ನ ಭಾಷೆಯಲ್ಲಿಯೇ ಉತ್ತರ ಪಡೆದು, ವೈದ್ಯರ ಮುಂದೆ ಧೈರ್ಯವಾಗಿ ಮಾತಾಡುವಂತಾಗಲಿ. ಆಗ ವಾಚನಾಲಯದ ದೀಪಕ್ಕೆ ಹಾಕಿದ ಎಣ್ಣೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.